ಬೆನ್ನು ನೋಡಿ ಮದುವೆ ಮುರಿದರೇ? ಮಾಂಟೋವಾದ ಅರಮನೆ ಹೆಣ್ಣುಮಕ್ಕಳ ಬಗ್ಗೆ ಒಂದು ಪ್ರಶ್ನೆ

ಹೇಮಾವತಿ_ದಡ ಕೇಳಿದ್ದು:

ಮಗಳು ಇಟಲಿಯ ಮಿಲಾನ್‌ನಲ್ಲಿ ಓದುತ್ತಿದ್ದಾಳೆ. ಕಳೆದ ತಿಂಗಳು ಅವಳ ಜೊತೆ ಮೂರು ವಾರ ಇದ್ದು ಬಂದೆ. ಒಂದು ಶನಿವಾರ ಇಬ್ಬರೂ ರೈಲಿನಲ್ಲಿ ಮಾಂಟೋವಾಕ್ಕೆ ಹೋದೆವು. ಅಲ್ಲಿನ ಕೋಟೆಯೊಳಗೆ ಮಾಂತೇನ್ಯಾ ಎಂಬ ಚಿತ್ರಕಾರ 1465ರಿಂದ 1474ರವರೆಗೆ ಬರೆದ ಒಂದು ಕೋಣೆ ಇದೆ. ನಾಲ್ಕು ಗೋಡೆಯ ಚಿಕ್ಕ ಕೋಣೆ. ಮೇಲೆ ನೋಡಿದರೆ ಚಾವಣಿಯಲ್ಲಿ ತೂತು ಬಿದ್ದು ಆಕಾಶ ಕಾಣುವಂತೆ ಬರೆದಿದ್ದಾನೆ. ಅಲ್ಲಿಂದ ಮಕ್ಕಳೂ ಹೆಂಗಸರೂ ನಮ್ಮತ್ತ ಬಗ್ಗಿ ನೋಡುತ್ತಾರೆ. ಒಂದು ಗೋಡೆಯ ಮೇಲೆ ಊರಿನ ದೊರೆ ಲುದೊವಿಕೊ ಗೊನ್ಜಾಗಾ ಕೈಯಲ್ಲಿ ಕಾಗದ ಹಿಡಿದು ಕುಳಿತಿದ್ದಾನೆ. ಕುರ್ಚಿಯ ಕೆಳಗೆ ನಾಯಿ, ಪಕ್ಕದಲ್ಲಿ ಹೆಂಡತಿ ಬಾರ್ಬರಾ, ಸುತ್ತ ಮಕ್ಕಳು. ತಾಯಿಯ ಮಡಿಲ ಹತ್ತಿರ ಕೈಯಲ್ಲಿ ಸೇಬು ಹಿಡಿದ ಒಂದು ಹುಡುಗಿ ಇದ್ದಾಳೆ.

ನಮ್ಮನ್ನು ಕರೆದೊಯ್ದ ಗೈಡ್ ಆ ಹುಡುಗಿಯನ್ನು ತೋರಿಸಿ, "ಇವಳು ಪಾವೊಲಾ, ಕೊನೆಯ ಮಗಳು. ಇವಳ ಅಕ್ಕಂದಿರಲ್ಲಿ ಒಬ್ಬಳ ಮದುವೆ ಬೆನ್ನಿನ ಕಾರಣಕ್ಕೆ ನಿಂತುಹೋಯಿತು, ಗಂಡಿನ ಕಡೆಯವರು ಡಾಕ್ಟರನ್ನು ಕಳಿಸಿ ನೋಡಬೇಕು ಎಂದರು" ಎಂದಳು. ಅಷ್ಟರಲ್ಲಿ ನಮ್ಮ ಹೊತ್ತು ಮುಗಿಯಿತು, ಮುಂದಿನ ಗುಂಪಿಗೆ ಜಾಗ ಬಿಡಬೇಕಾಯಿತು.

ನನಗೆ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನಾನೂ ಮೂರು ಸಲ ಕಾಫಿ ತಟ್ಟೆ ಹಿಡಿದು ಗಂಡಿನ ಕಡೆಯವರ ಮುಂದೆ ನಿಂತವಳು. ಮೊದಲ ಸಲ ಬಂದವರಲ್ಲಿ ಒಬ್ಬ ಹಿರಿಯರು "ಸ್ವಲ್ಪ ಆ ಕಿಟಕಿಯವರೆಗೆ ನಡೆದು ಬಾ ಮಗಳೇ" ಎಂದಿದ್ದರು. ಕಾಲು ಸರಿಯಿದೆಯೇ ಎಂದು ನೋಡಲು ಎಂಬುದು ನಡೆದು ಬಂದ ಮೇಲೆ ತಿಳಿಯಿತು.

ತಿಳಿದವರು ಹೇಳಿ: ಆ ಕಾಲದ ಅರಮನೆಗಳಲ್ಲಿ ಇದು ನಿಜಕ್ಕೂ ನಡೆಯುತ್ತಿತ್ತೇ? ಹೇಗೆ ನೋಡುತ್ತಿದ್ದರು, ಯಾರು ನೋಡುತ್ತಿದ್ದರು? ಗಂಡನ್ನೂ ಹೀಗೆ ನೋಡಿದ್ದುಂಟೇ?

---

ನೇರ_ಬೆನ್ನು ಉತ್ತರಿಸಿದ್ದು:

ಹೇಮಾವತಿ ಅವರೇ, ನಿಮ್ಮ ಗೈಡ್ ಹೇಳಿದ್ದು ನಿಜ, ಆದರೆ ಅರ್ಧ. ಉಳಿದರ್ಧ ಹೇಳುವ ಆಸೆ ನನಗೆ ಬಹಳ ದಿನದಿಂದ ಇತ್ತು. ನಾನು ಇಪ್ಪತ್ತೆರಡು ವರ್ಷಗಳಿಂದ ಫಿಸಿಯೋಥೆರಪಿಸ್ಟ್. ಬೆನ್ನುಮೂಳೆ ಓರೆಯಾದ ಹುಡುಗಿಯರೇ ನನ್ನಲ್ಲಿಗೆ ಹೆಚ್ಚಾಗಿ ಬರುವವರು. ಆ ಅಕ್ಕನ ಹೆಸರು ಡೊರೊತೇಯಾ. ಅವಳ ಕಥೆ ಓದಿದಂದಿನಿಂದ ಅವಳೂ ನನ್ನ ಕೋಣೆಗೆ ಬಂದು ಹೋದವಳು ಎಂಬಂತೆಯೇ ನೆನಪಾಗುತ್ತಾಳೆ.

ಕಥೆ ಡೊರೊತೇಯಾಳಿಂದ ಶುರುವಾಗುವುದಿಲ್ಲ, ಅವಳ ಅಕ್ಕ ಸುಸನ್ನಾಳಿಂದ ಶುರುವಾಗುತ್ತದೆ. 1450ರಲ್ಲಿ ಮಿಲಾನ್ ಫ್ರಾನ್ಚೆಸ್ಕೊ ಸ್ಫೋರ್ಜಾನ ಕೈಗೆ ಹೊಸದಾಗಿ ಬಂದಿತ್ತು. ಅವನು ಹುಟ್ಟಿನಿಂದ ರಾಜನಲ್ಲ, ಕೂಲಿ ಸೈನ್ಯದ ದಂಡನಾಯಕ. ಅಂಥವನಿಗೆ ಮಾಂಟೋವಾದ ಗೊನ್ಜಾಗಾ ಮನೆತನದ ಸಂಬಂಧ ದೊಡ್ಡ ಗೌರವ. ಅವನ ಮಗ ಗಲೆಯಾಜ್ಜೊ ಮರಿಯಾನಿಗೆ ಆರು ವರ್ಷ, ಸುಸನ್ನಾಳಿಗೆ ಮೂರು. ಮಾತಾಯಿತು, ಕರಾರಾಯಿತು. ಹುಡುಗಿ ಬೆಳೆಯುತ್ತಾ ಹೋದಂತೆ ಬೆನ್ನು ಬಾಗತೊಡಗಿತು. 1457ರಲ್ಲಿ ಅವಳ ಹೆಸರು ಹೊಡೆದು ಹಾಕಿ ತಂಗಿ ಡೊರೊತೇಯಾಳ ಹೆಸರು ಬರೆದರು. ಸುಸನ್ನಾ ಕನ್ಯಾಮಠ ಸೇರಿದಳು. ಹೊಸ ಕರಾರಿನಲ್ಲಿ ಗಂಡಿನ ಕಡೆಯವರು ಒಂದು ಷರತ್ತು ಸೇರಿಸಿಕೊಂಡರು: ಹದಿನಾಲ್ಕು ತುಂಬುವುದರೊಳಗೆ ಇವಳಿಗೂ ಅಕ್ಕನಂತೆ ಗೂನು ಬಂದರೆ ಮದುವೆ ಇಲ್ಲ. ಆಗ ಡೊರೊತೇಯಾಳಿಗೆ ಏಳೋ ಎಂಟೋ ವರ್ಷ.

ಈ ಷರತ್ತು ನನ್ನನ್ನು ಎಷ್ಟು ಕಾಡುತ್ತದೆ ಎಂದರೆ ಹೇಳಲಾರೆ. ಬೆನ್ನು ಓರೆಯಾಗುವುದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹತ್ತರಿಂದ ಹದಿನಾಲ್ಕರ ನಡುವೆಯೇ, ಹುಡುಗಿ ಒಮ್ಮೆಲೇ ಎತ್ತರಕ್ಕೆ ಬೆಳೆಯುವ ಆ ಎರಡು ಮೂರು ವರ್ಷಗಳಲ್ಲಿ. ಲಂಗದ ಅಂಚು ಒಂದು ಕಡೆ ಮೇಲೇರಿದೆ ಎಂದು ತಾಯಿಗೆ ಅನಿಸುತ್ತದೆ. ಒಂದು ಭುಜ ಮೇಲಿದೆ ಎಂದು ದರ್ಜಿ ಹೇಳುತ್ತಾನೆ. ನನ್ನಲ್ಲಿಗೆ ಬಂದಾಗ ನಾನು ಮಾಡುವ ಮೊದಲ ಕೆಲಸ ಸರಳವಾದದ್ದು. ಹುಡುಗಿ ಎರಡೂ ಕಾಲು ಜೋಡಿಸಿ ನಿಲ್ಲುತ್ತಾಳೆ, ಅಂಗೈಗಳನ್ನು ಜೋಡಿಸಿಕೊಂಡು, ಮಂಡಿ ಮಡಿಸದೆ, ನಿಧಾನವಾಗಿ ಮುಂದಕ್ಕೆ ಬಾಗುತ್ತಾಳೆ. ನಾನು ಹಿಂದೆ ಕುಳಿತು ನನ್ನ ಕಣ್ಣು ಅವಳ ಬೆನ್ನಿನ ಮಟ್ಟಕ್ಕೆ ಬರುವಂತೆ ನೋಡುತ್ತೇನೆ. ನೆಟ್ಟಗೆ ನಿಂತಾಗ ಏನೂ ಕಾಣದ ಬೆನ್ನಿನಲ್ಲಿ ಬಾಗಿದಾಗ ಒಂದು ಕಡೆಯ ಪಕ್ಕೆಲುಬುಗಳು ದಿಬ್ಬದಂತೆ ಏಳುತ್ತವೆ. ಮೂಳೆ ಬರೀ ಪಕ್ಕಕ್ಕೆ ಓರೆಯಾಗುವುದಿಲ್ಲ, ತಿರುಚಿಕೊಳ್ಳುತ್ತದೆ. ಪಕ್ಕೆಲುಬುಗಳೂ ಜೊತೆಗೆ ತಿರುಗುತ್ತವೆ. ಅರ್ಧ ನಿಮಿಷದ ಪರೀಕ್ಷೆ. ಆದರೆ ಬೆನ್ನಿನ ಮೇಲೆ ಬಟ್ಟೆ ಇರುವಂತಿಲ್ಲ. ಹಾಗಾಗಿ ನಾನು ಮೊದಲು ಹುಡುಗಿಯನ್ನೇ ಕೇಳುತ್ತೇನೆ, ಬಾಗಿಲು ಹಾಕುತ್ತೇನೆ, ತಾಯಿ ಇರಬೇಕೋ ಬೇಡವೋ ಎಂಬುದನ್ನೂ ಅವಳಿಗೇ ಬಿಡುತ್ತೇನೆ.

ಈಗ 1463ಕ್ಕೆ ಬನ್ನಿ. ಡೊರೊತೇಯಾಳಿಗೆ ಡಿಸೆಂಬರಿನಲ್ಲಿ ಹದಿನಾಲ್ಕು ತುಂಬಬೇಕು. ತಮ್ಮ ವೈದ್ಯರು ಬಂದು ಹುಡುಗಿಯ ಬೆನ್ನು, ಭುಜ ನೋಡಬೇಕು ಎಂದು ಮಿಲಾನಿನಿಂದ ಹೇಳಿಕೆ ಬಂತು. ಅರಮನೆಯ ಮಖಮಲ್ಲಿನ ದಪ್ಪ ಉಡುಪಿನ ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ, ಅದು ವೈದ್ಯರಿಗೂ ಗೊತ್ತು, ತಂದೆ ತಾಯಿಗೂ ಗೊತ್ತು. ಮಗಳ ಬಟ್ಟೆ ಬಿಚ್ಚಿಸಿ ಪರರ ವೈದ್ಯರ ಮುಂದೆ ನಿಲ್ಲಿಸುವುದಕ್ಕೆ ಲುದೊವಿಕೊನೂ ಬಾರ್ಬರಾಳೂ ಒಪ್ಪಲಿಲ್ಲ. ಅವರಿಗೆ ಆದ ಅವಮಾನ ಚಿಕ್ಕದಲ್ಲ. ಲುದೊವಿಕೊ ಹಿಂದೆ ಸ್ಫೋರ್ಜಾನ ಪಕ್ಷದಲ್ಲಿ ಯುದ್ಧ ಮಾಡಿದವನು. ಅವನ ಹೆಂಡತಿ ಬಾರ್ಬರಾ ಜರ್ಮನಿಯ ಬ್ರಾಂಡೆನ್‌ಬರ್ಗ್ ಮನೆತನದವಳು, ಸ್ಫೋರ್ಜಾಗಳಿಗಿಂತ ಎಷ್ಟೋ ಮೇಲಿನ ಕುಲ.

ನಿಮ್ಮ ಗೈಡ್ ಬಿಟ್ಟ ಅರ್ಧ ಇದು. ಅದೇ ಹೊತ್ತಿನಲ್ಲಿ ಫ್ರಾನ್ಸಿನ ದೊರೆ ಹನ್ನೊಂದನೆಯ ಲೂಯಿ ಸ್ಫೋರ್ಜಾನ ಕಡೆಗೆ ವಾಲಿದ್ದ. 1463ರ ಡಿಸೆಂಬರಿನಲ್ಲಿ ಜಿನೋವಾ, ಸವೋನಾ ಎಂಬ ಬಂದರು ಊರುಗಳೆರಡನ್ನೂ ಸ್ಫೋರ್ಜಾನಿಗೆ ಬಿಟ್ಟುಕೊಟ್ಟ. ಲೂಯಿಯ ಹೆಂಡತಿಗೆ ಬೋನಾ ಎಂಬ ತಂಗಿ ಇದ್ದಳು, ಸವಾಯ್ ಮನೆತನದವಳು. 1450ರಲ್ಲಿ ಹೊಸ ದೊರೆಗೆ ಗೊನ್ಜಾಗಾ ಸಂಬಂಧ ಏಣಿಯಾಗಿತ್ತು. 1463ರಲ್ಲಿ ಅದಕ್ಕಿಂತ ಎತ್ತರದ ಏಣಿ ಸಿಕ್ಕಿತ್ತು. ಹಳೆಯ ಮಾತಿನಿಂದ ಜಾರಿಕೊಳ್ಳಲು ಒಂದು ದಾರಿ ಬೇಕಿತ್ತು, ಆ ದಾರಿ ಹುಡುಗಿಯ ಬೆನ್ನಿನ ಮೇಲೇ ಇತ್ತು. ಒಪ್ಪಿದರೆ ಪರೀಕ್ಷೆಯಲ್ಲಿ ಏನಾದರೂ ಕಂಡೀತು. ಒಪ್ಪದಿದ್ದರೆ ಮುಚ್ಚಿಡಲು ಏನೋ ಇದೆ ಎಂದಾದೀತು. ಎರಡೂ ಕಡೆಯಿಂದ ಮಿಲಾನಿಗೇ ಲಾಭ.

ಮದುವೆ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ ಎಂಬಂತೆ ತೂಗಾಡಿತು. 1466ರಲ್ಲಿ ಫ್ರಾನ್ಚೆಸ್ಕೊ ತೀರಿಕೊಂಡು ಗಲೆಯಾಜ್ಜೊ ತಾನೇ ದೊರೆಯಾದ. 1467ರ ಏಪ್ರಿಲಿನಲ್ಲಿ ಡೊರೊತೇಯಾ ಸತ್ತಳು, ಹದಿನೇಳು ವರ್ಷ. ಮರುವರ್ಷ ಗಲೆಯಾಜ್ಜೊ ಬೋನಾಳನ್ನು ಮದುವೆಯಾದ. ನೀವು ನೋಡಿದ ಕೋಣೆ ಮುಗಿದದ್ದು 1474ರಲ್ಲಿ. ಅಷ್ಟರಲ್ಲಿ ಡೊರೊತೇಯಾ ಹೋಗಿ ಏಳು ವರ್ಷವಾಗಿತ್ತು.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಈ ಗೂನು ಲುದೊವಿಕೊನ ತಾಯಿ ಪಾವೊಲಾ ಮಾಲತೆಸ್ತಾಳಿಂದ ಆ ಮನೆಗೆ ಬಂತು ಎನ್ನುತ್ತಾರೆ. ಗಂಡುಮಕ್ಕಳಿಗೂ ಬಂತು. ನೂರು ವರ್ಷದ ನಂತರ ಅದೇ ಮನೆತನದ ಗುಲ್ಯೆಲ್ಮೊ ಗೊನ್ಜಾಗಾನಿಗೂ ಗೂನು ಇತ್ತು. ಅಣ್ಣ 1550ರಲ್ಲಿ ಸತ್ತಾಗ, ಪಟ್ಟವನ್ನು ನೆಟ್ಟಗಿರುವ ತಮ್ಮನಿಗೆ ಬಿಟ್ಟು ನೀನು ಚರ್ಚಿಗೆ ಸೇರು ಎಂದು ಮನೆಯವರು ಒತ್ತಾಯಿಸಿದರು. ಹುಡುಗ ಬಗ್ಗಲಿಲ್ಲ. ದೊರೆಯಾದ, 1561ರಲ್ಲಿ ಚಕ್ರವರ್ತಿ ಫರ್ಡಿನೆಂಡನ ಮಗಳನ್ನೇ ಮದುವೆಯಾದ. ಒಂದೇ ಮನೆಯ ಒಂದೇ ಗೂನು ಹೆಣ್ಣಿಗೆ ಮಠದ ಬಾಗಿಲು ತೋರಿಸಿತು, ಗಂಡಿಗೆ ಚಕ್ರವರ್ತಿಯ ಅಳಿಯನಾಗಲು ಅಡ್ಡಿ ಬರಲಿಲ್ಲ.

---

ಹಳೆಯ_ಓಲೆ ಉತ್ತರಿಸಿದ್ದು:

ಮೇಲಿನವರು ವೈದ್ಯರ ಮಾತು ಹೇಳಿದರು. ಅರಮನೆಯ ಮಟ್ಟದಲ್ಲಿ ಅದು ಸರಿ. ಫ್ಲಾರೆನ್ಸಿನ ಸಿರಿವಂತ ಮನೆಗಳಲ್ಲಿ ಮಾತ್ರ ಈ ಕೆಲಸ ಮಾಡುತ್ತಿದ್ದವಳು ಗಂಡಿನ ತಾಯಿ, ಮಾಡುತ್ತಿದ್ದ ಜಾಗ ಚರ್ಚು. ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಹೊರಗೆ ಕಾಣಸಿಗುತ್ತಿದ್ದದ್ದೇ ಪೂಜೆಗೆ ಹೋದಾಗ.

1467ರ ವಸಂತದಲ್ಲಿ ಲುಕ್ರೆತ್ಸಿಯಾ ತೊರ್ನಬುವೊನಿ ರೋಮಿನಿಂದ ಗಂಡ ಪಿಯೆರೊ ದೆ ಮೆದಿಚಿಗೆ ಬರೆದ ಕಾಗದ ಉಳಿದಿದೆ; ಮೆದಿಚಿಗಳೆಂದರೆ ಆಗ ಫ್ಲಾರೆನ್ಸನ್ನು ಕೈಯಲ್ಲಿಟ್ಟುಕೊಂಡಿದ್ದ ಮನೆತನ. ಮಗ ಲೊರೆಂಜೊನಿಗೆ ಹೆಣ್ಣು ನೋಡಲು ಹೋಗಿದ್ದಳು. ಹುಡುಗಿ ಕ್ಲಾರಿಚೆ ಒರ್ಸಿನಿ, ಹದಿನೈದು ಹದಿನಾರರವಳು, ತಾಯಿಯ ಜೊತೆ ಸಂತ ಪೇತ್ರನ ದೇವಾಲಯಕ್ಕೆ ಹೋಗುವಾಗ ದಾರಿಯಲ್ಲಿ ಸಿಕ್ಕಳು. ರೋಮಿನ ಪದ್ಧತಿಯಂತೆ ಮೈತುಂಬ ಬಟ್ಟೆ ಹೊದ್ದಿದ್ದಳು, ಹಾಗಾಗಿ ಸರಿಯಾಗಿ ಕಾಣಲಿಲ್ಲ ಎಂದು ಅತ್ತೆಯಾಗಲಿರುವವಳಿಗೆ ಬೇಸರ. ಆಮೇಲೆ ಮನೆಗೇ ಹೋಗಿ, ಮೈಗೆ ಅಂಟುವ ಉಡುಪಿನಲ್ಲಿ ಇನ್ನೊಮ್ಮೆ ನೋಡಿ ಬಂದಳು. ಒಳ್ಳೆಯ ಎತ್ತರ, ಬಿಳಿ ಮೈಬಣ್ಣ, ಕೂದಲು ಹೊಂಬಣ್ಣವಲ್ಲ, ಕೆಂಪಿಗೆ ತಿರುಗುವಂಥದ್ದು, ಮುಖ ತುಸು ದುಂಡಗೆ, ಕತ್ತು ಸಣ್ಣ, ಕೈ ಉದ್ದ ಮತ್ತು ನವಿರು. ಎದೆ ಕಾಣಲಿಲ್ಲ, ಇಲ್ಲಿಯವರು ಪೂರ್ತಿ ಮುಚ್ಚಿಕೊಳ್ಳುತ್ತಾರೆ, ಆದರೂ ಅಳತೆ ಸರಿಯಿರುವಂತಿದೆ ಎನ್ನುತ್ತಾಳೆ. ನನ್ನ ಮನಸ್ಸಿನಲ್ಲಿ ನಿಂತದ್ದು ಒಂದು ಸಣ್ಣ ವಿವರ. ನಮ್ಮ ಹುಡುಗಿಯರಂತೆ ಇವಳು ತಲೆ ಎತ್ತಿ ನಡೆಯುವುದಿಲ್ಲ, ತುಸು ಮುಂದಕ್ಕೆ ಚಾಚಿ ನಡೆಯುತ್ತಾಳೆ, ನಾಚಿಕೆಯಿಂದ ಇರಬೇಕು. ತನ್ನ ಹೆಣ್ಣುಮಕ್ಕಳಿಗೆ ಇವಳು ಸಮವಲ್ಲ ಎಂದೂ ಸೇರಿಸಿದ್ದಾಳೆ. ಆ ಸಾಲು ಓದುವಾಗ ಪ್ರತಿ ಸಲವೂ ನನಗೆ ನನ್ನ ಸೋದರತ್ತೆಯ ದನಿ ಕೇಳಿಸುತ್ತದೆ. ಕ್ಲಾರಿಚೆ 1469ರಲ್ಲಿ ಸೊಸೆಯಾಗಿ ಬಂದಳು, 6000 ಫ್ಲಾರಿನ್ (ಫ್ಲಾರೆನ್ಸಿನ ಚಿನ್ನದ ನಾಣ್ಯ) ವರದಕ್ಷಿಣೆ.

ಇದಕ್ಕಿಂತ ನನಗೆ ಆಪ್ತವಾದವಳು ಅಲೆಸ್ಸಾಂದ್ರಾ ಸ್ತ್ರೋಜ್ಜಿ. ವಿಧವೆ. ಗಂಡುಮಕ್ಕಳಿಗೆ ಫ್ಲಾರೆನ್ಸಿನಿಂದ ಗಡೀಪಾರಾಗಿತ್ತು. ಮಗ ಫಿಲಿಪ್ಪೊ ನೇಪಲ್ಸಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ, ಊರಿಗೆ ಬಂದು ಹೆಣ್ಣು ನೋಡುವಂತಿರಲಿಲ್ಲ. ಹಾಗಾಗಿ ತಾಯಿಯೇ ಅವನ ಕಣ್ಣು. 1465ರಲ್ಲಿ ಒಂದು ಭಾನುವಾರ ನಸುಕಿನ ಪೂಜೆಗೆ ಹೋದಾಗ, ಮಾತುಕತೆಯಲ್ಲಿದ್ದ ತನಾಲ್ಯಿ ಮನೆಯ ಹುಡುಗಿ ಅವಳ ಪಕ್ಕದಲ್ಲೇ ಬಂದು ಕುಳಿತಳು. ಯಾರೆಂದು ತಿಳಿಯುವ ಮೊದಲೇ ಅಲೆಸ್ಸಾಂದ್ರಾ ಅವಳನ್ನು ನೋಡುತ್ತಿದ್ದಳು. ಮಗನಿಗೆ ಬರೆಯುತ್ತಾಳೆ: ಮೈಕಟ್ಟು ಚೆನ್ನಾಗಿದೆ, ಗಾತ್ರದಲ್ಲಿ ನಮ್ಮ ಕತೆರೀನಾಳಷ್ಟು ಅಥವಾ ಹೆಚ್ಚು, ಬಿಳಿಚಿಕೊಂಡ ಮೈಯಲ್ಲ, ಆರೋಗ್ಯದ ಬಣ್ಣ, ಮುಖ ಉದ್ದ, ತುಂಬ ನಾಜೂಕಿಲ್ಲ, ಹಾಗೆಂದು ಹಳ್ಳಿಗಮಾರಿಯಂತೆಯೂ ಇಲ್ಲ. ನಡಿಗೆ ನೋಡಿದರೆ, ಮುಖದ ಕಳೆ ನೋಡಿದರೆ ಮಂಕು ಅಲ್ಲ. ಕತೆರೀನಾ ಎಂದರೆ ಅವಳ ಮಗಳು, 1447ರಲ್ಲಿ ಸಾವಿರ ಫ್ಲಾರಿನ್ ಕೊಟ್ಟು ಮದುವೆ ಮಾಡಿಕೊಟ್ಟಿದ್ದವಳು. ಬೇರೆ ಹುಡುಗಿಯ ಅಳತೆ ತೆಗೆಯಲು ತನ್ನ ಮಗಳನ್ನೇ ಕೋಲು ಮಾಡಿಕೊಂಡದ್ದು ನೋಡಿ. ಅವಳಲ್ಲಿ ಕ್ರೌರ್ಯವಿಲ್ಲ. ಮಗನಿಗೆ ಬಾಳಿಕೆಗೆ ಬರುವ ಹೆಂಡತಿ ಬೇಕು ಎಂಬ ಆತುರವಿದೆ. ಆ ಸಂಬಂಧ ಕೂಡಿಬರಲಿಲ್ಲ. ಫಿಲಿಪ್ಪೊ ಮರುವರ್ಷ ಅದಿಮಾರಿ ಮನೆಯ ಫಿಯಾಮ್ಮೆತ್ತಾಳನ್ನು ಮದುವೆಯಾದ.

---

ಕೊಡಚಾದ್ರಿ_೭೧ ಉತ್ತರಿಸಿದ್ದು:

ಇಟಲಿಯ ಹೊರಗಿನದ್ದು ಒಂದು ಸೇರಿಸುತ್ತೇನೆ. ಇಂಗ್ಲೆಂಡಿನ ಏಳನೆಯ ಹೆನ್ರಿಯ ಹೆಂಡತಿ ತೀರಿಕೊಂಡ ಮೇಲೆ, 1505ರಲ್ಲಿ ನೇಪಲ್ಸಿನ ವಿಧವೆ ರಾಣಿ ಜೊವಾನ್ನಾಳನ್ನು ನೋಡಿ ಬರಲು ಮೂವರನ್ನು ಸ್ಪೇನಿಗೆ ಕಳಿಸಿದ. ಕೈಯಲ್ಲಿ 24 ಪ್ರಶ್ನೆಗಳ ಪಟ್ಟಿ. ಮುಖದ ಬಣ್ಣ, ಹಣೆ, ಮೂಗು, ಹಲ್ಲು, ತುಟಿ, ತುಟಿಯ ಮೇಲೆ ಕೂದಲಿದೆಯೇ, ಕತ್ತು, ಎದೆ, ತೋಳು, ಬೆರಳು. ಅವಳು ಇನ್ನೂ ಏನೂ ತಿನ್ನದಿರುವಾಗ ಮಾತಾಡಿಸಿ, ಬಾಯಿಯ ಹತ್ತಿರ ಹೋಗಿ ಉಸಿರು ಹೇಗಿದೆ ತಿಳಿಯಿರಿ, ಮಸಾಲೆಯದೋ ಪನ್ನೀರಿನದೋ ಕಸ್ತೂರಿಯದೋ ವಾಸನೆ ಬಂದರೆ ಬರೆಯಿರಿ ಎಂದೂ ಇತ್ತು. ಬಾಯಿ ವಾಸನೆಯನ್ನು ಸುಗಂಧದಲ್ಲಿ ಮುಚ್ಚಿದ್ದಾಳೆಯೇ ಎಂಬ ಅನುಮಾನ.

ವಲೆನ್ಸಿಯಾದಲ್ಲಿ ಅವಳನ್ನು ಕಂಡ ದೂತರು ಒಂದೊಂದಕ್ಕೂ ಉತ್ತರ ಬರೆದರು. ಹೊಟ್ಟೆ ಬರಿದಾಗಿರುವಾಗ ಮಾತಾಡಿಸುವ ಅವಕಾಶ ಸಿಗಲಿಲ್ಲ, ತುಟಿಯ ಮೇಲೆ ಕೂದಲಿಲ್ಲ, ಮೂಗು ನಡುವೆ ತುಸು ಎತ್ತರ. ಪಾದರಕ್ಷೆಯ ಅಡಿ ದಪ್ಪವಾಗಿದ್ದರಿಂದ ನಿಜವಾದ ಎತ್ತರ ಹೇಳಲಾಗದು ಎಂದರು. ಅದೇ ದೂತರಿಗೆ ಅವಳ ಆಸ್ತಿಯ ಬಗ್ಗೆಯೂ ವಿಚಾರಿಸಲು ಹೇಳಿತ್ತು. ಮದುವೆ ಆಗಲಿಲ್ಲ. ಮೂಗಿನಿಂದಲ್ಲ, ಆಸ್ತಿಯ ಲೆಕ್ಕ ಹೆನ್ರಿಗೆ ಸರಿಹೋಗದೆ.

---

ಹೇಮಾವತಿ_ದಡ ಬರೆದದ್ದು:

ಎಲ್ಲರಿಗೂ ಕೈ ಮುಗಿದೆ. ಮಗಳಿಗೂ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ: "ಎಲ್ಲ ಹೆಣ್ಣುಮಕ್ಕಳದ್ದೇ ಆಯಿತಲ್ಲ, ಗಂಡಿನದ್ದು?" ನೇರ_ಬೆನ್ನು ಮೇಡಂ, ನಿಮಗೆ ಗೊತ್ತಿದ್ದರೆ ಹೇಳಿ.

---

ನೇರ_ಬೆನ್ನು ಉತ್ತರಿಸಿದ್ದು:

ಗಂಡನ್ನೂ ಪರೀಕ್ಷಿಸಿದರು, ಅದೂ ಇದೇ ಗೊನ್ಜಾಗಾ ಮನೆಯಲ್ಲಿ. ಆದರೆ ನಿಮ್ಮ ಮಗಳು ಕೇಳಿದ ಪ್ರಶ್ನೆಗೆ ಸಿಗುವ ಉತ್ತರದಲ್ಲೂ ಇಬ್ಬರು ಹೆಣ್ಣುಮಕ್ಕಳೇ ಇದ್ದಾರೆ. ನಿಧಾನವಾಗಿ ಹೇಳುತ್ತೇನೆ.

ಮೇಲೆ ಹೇಳಿದ ಗೂನುಬೆನ್ನಿನ ಗುಲ್ಯೆಲ್ಮೊನ ಮಗ ವಿಂಚೆಂಜೊ. 1562ರಲ್ಲಿ ಹುಟ್ಟಿದವನು, ಬೆನ್ನು ನೆಟ್ಟಗೆ. 1581ರ ಮಾರ್ಚಿನಲ್ಲಿ ಅವನಿಗೆ ಪಾರ್ಮಾದ ಫಾರ್ನೇಜೆ ಮನೆಯ ಮಾರ್ಗೆರಿತಾಳನ್ನು ತಂದರು. ಅವಳಿಗೆ ಇನ್ನೂ ಹದಿಮೂರು ವರ್ಷ. ದಾಂಪತ್ಯ ಕೂಡಲಿಲ್ಲ. ಅವಳ ದೇಹರಚನೆಯಲ್ಲಿ ಅಡ್ಡಿ ಇದೆ ಎಂದು ಗೊನ್ಜಾಗಾಗಳು, ದೋಷ ಇರುವುದು ನಿಮ್ಮ ಹುಡುಗನಲ್ಲಿ ಎಂದು ಫಾರ್ನೇಜೆಗಳು. ಆ ಎಳೆಯ ಹುಡುಗಿಯನ್ನು ವೈದ್ಯರು ಮೇಲಿಂದ ಮೇಲೆ ನೋಡಿದರು. ಶಸ್ತ್ರಚಿಕಿತ್ಸೆಯ ಮಾತೂ ಬಂತು, ಪ್ರಾಣಕ್ಕೆ ಅಪಾಯ ಎಂದು ಕೈಬಿಟ್ಟರು. ಅವಳ ತಂದೆ ಅಲೆಸ್ಸಾಂದ್ರೊ ಫಾರ್ನೇಜೆ ಆಗ ಸ್ಪೇನಿನ ಪರವಾಗಿ ನೆದರ್ಲೆಂಡ್ಸಿನಲ್ಲಿ ಯುದ್ಧದಲ್ಲಿದ್ದ. ಕೊನೆಗೆ ಪೋಪ್ ಹದಿಮೂರನೆಯ ಗ್ರೆಗರಿ ವಿಷಯವನ್ನು ಮಿಲಾನಿನ ಕಾರ್ಡಿನಲ್ ಕಾರ್ಲೊ ಬೊರೊಮೇಯೊನ ಕೈಗೆ ಕೊಟ್ಟ. 1583ರಲ್ಲಿ ಮದುವೆ ರದ್ದಾಯಿತು. ಮಾರ್ಗೆರಿತಾ ಪಾರ್ಮಾದಲ್ಲಿ ಸನ್ಯಾಸಿನಿಯಾದಳು. ಹೆಸರೂ ಬದಲಾಯಿತು, ಮೌರಾ ಲುಚೇನಿಯಾ. ಅವಳು ಬದುಕಿದ್ದು 1643ರವರೆಗೆ. ಎಣಿಸಿ ನೋಡಿ, ಅರವತ್ತು ವರ್ಷ ಮಠದೊಳಗೆ.

ವಿಂಚೆಂಜೊನಿಗೆ ಎರಡನೆಯ ಹೆಣ್ಣು ಫ್ಲಾರೆನ್ಸಿನ ಎಲೆಯೊನೋರಾ ದೆ ಮೆದಿಚಿ, ಮಹಾದೊರೆ ಫ್ರಾನ್ಚೆಸ್ಕೊನ ಮಗಳು. ಫಾರ್ನೇಜೆಗಳು ಹಬ್ಬಿಸಿದ ಮಾತು ಇಟಲಿಯ ಎಲ್ಲ ಅರಮನೆಗಳಿಗೂ ಮುಟ್ಟಿತ್ತು. ಹುಡುಗನಿಗೆ ಗಂಡಸುತನ ಇದೆ ಎಂದು ಸಾಬೀತಾಗದೆ ಮಗಳನ್ನು ಕೊಡುವುದಿಲ್ಲ ಎಂದು ಮೆದಿಚಿ ಕಡೆಯವರು ಹಟ ಹಿಡಿದರು. ಇದರ ಹಿಂದೆ ಹುಡುಗಿಯ ಮಲತಾಯಿ ಬಿಯಾಂಕಾ ಕಪ್ಪೆಲ್ಲೊಳ ಹಳೆಯ ಮುನಿಸೂ ಇತ್ತು ಎನ್ನುತ್ತಾರೆ; ಮೊದಲೊಮ್ಮೆ ಗೊನ್ಜಾಗಾಗಳು ಮೆದಿಚಿ ಸಂಬಂಧ ಬೇಡ ಎಂದಿದ್ದರಂತೆ.

ಸಾಬೀತು ಮಾಡುವುದು ಹೇಗೆ? ಇನ್ನೊಬ್ಬಳ ಜೊತೆ ಮಲಗಿಸಿ. ಅದೂ ಕನ್ಯೆಯೇ ಆಗಿರಬೇಕು ಎಂಬ ಷರತ್ತು. ಮಹಾದೊರೆಯ ಕಚೇರಿಯ ಬೆಲಿಸಾರಿಯೊ ವಿಂತಾ ಎಂಬ ಅಧಿಕಾರಿಗೆ ಈ ಕೆಲಸ ಒಪ್ಪಿಸಿದರು. ಅವನು ಫ್ಲಾರೆನ್ಸಿನ ಅನಾಥಾಲಯದಿಂದ ಇಪ್ಪತ್ತರ ಆಸುಪಾಸಿನ ಒಬ್ಬ ಯುವತಿಯನ್ನು ಆರಿಸಿದ. ಹೆಸರು ಜೂಲಿಯಾ. ಒಪ್ಪಿದರೆ ವರದಕ್ಷಿಣೆ ಕೊಟ್ಟು ಗಂಡನನ್ನು ನೋಡಿ ಮದುವೆ ಮಾಡುತ್ತೇವೆ ಎಂದು ಮಾತು ಕೊಟ್ಟರು. ಅನಾಥಾಲಯದಲ್ಲಿ ಬೆಳೆದವಳಿಗೆ ವರದಕ್ಷಿಣೆ ಇಲ್ಲದೆ ಮದುವೆ ಎಂಬುದು ಕನಸು. ಅಂಥವಳ ಮುಂದೆ ಈ ಮಾತು ಇಟ್ಟಾಗ ಅವಳ ಒಪ್ಪಿಗೆಗೆ ಎಷ್ಟು ಅರ್ಥ ಉಳಿಯುತ್ತದೆ?

1584ರ ಮಾರ್ಚಿನಲ್ಲಿ ವೆನಿಸ್ಸಿನಲ್ಲಿ ಪರೀಕ್ಷೆ ನಡೆಯಿತು. ಮೊದಲ ಸಲ ರಾಜಕುಮಾರನಿಗೆ ಹೊಟ್ಟೆನೋವು ಬಂದು ಏನೂ ಆಗಲಿಲ್ಲ. ಮತ್ತೆ ಪ್ರಯತ್ನ ನಡೆದು ಈ ಸಲ ಆಯಿತು. ಪಕ್ಕದಲ್ಲೇ ಕಾದಿದ್ದ ವಿಂತಾ ಒಳಗೆ ಹೋಗಿ ಖಚಿತ ಮಾಡಿಕೊಂಡ. ಆಮೇಲೆ ಜೂಲಿಯಾಳನ್ನು ಕೂರಿಸಿ ಪ್ರಶ್ನೆ ಕೇಳಿ, ಉತ್ತರಗಳನ್ನು ಬರೆದು ಫ್ಲಾರೆನ್ಸಿಗೆ ಕಳಿಸಿದ. ಆ ಕಾಗದಗಳು ಈಗಲೂ ಇವೆ. ಅವಳ ಮಾತು ಎಂದು ನಮಗೆ ಸಿಗುವುದೆಲ್ಲ ವಿಂತಾನ ಲೇಖನಿಯಿಂದ ಇಳಿದದ್ದು. ಗೆಲಿಲಿಯೋ 1610ರಲ್ಲಿ ಗುರುಗ್ರಹದ ಚಂದ್ರರ ವಿಷಯ ತಿಳಿಸಿ, ಮೆದಿಚಿ ಆಸ್ಥಾನದಲ್ಲಿ ಕೆಲಸ ಕೇಳಿ ಪತ್ರ ಬರೆದದ್ದೂ ಇದೇ ವಿಂತಾನಿಗೆ. ಆಕಾಶದ ಸುದ್ದಿ ಓದುವಾಗ ನನಗೆ ಆ ಕೈ ಮೊದಲು ಬರೆದಿದ್ದ ಕಾಗದ ನೆನಪಾಗುತ್ತದೆ.

ಏಪ್ರಿಲ್ ಕೊನೆಯಲ್ಲಿ ಮದುವೆಯಾಯಿತು. ಜೂಲಿಯಾಳಿಗೂ ಹೇಳಿದಂತೆ ವರದಕ್ಷಿಣೆ ಕೊಟ್ಟು ಮದುವೆ ಮಾಡಿದರು. ಎಲೆಯೊನೋರಾಳಿಗೆ ಆರು ಮಕ್ಕಳು. ಮೂವರು ಗಂಡುಮಕ್ಕಳು ಒಬ್ಬರಾದ ಮೇಲೆ ಒಬ್ಬರು ಮಾಂಟೋವಾದ ದೊರೆಗಳಾದರು, ಯಾರಿಗೂ ಪಟ್ಟಕ್ಕೆ ಬರುವ ಗಂಡುಸಂತಾನ ಉಳಿಯಲಿಲ್ಲ. 1627ರಲ್ಲಿ ಆ ನೇರ ಶಾಖೆ ಮುಗಿಯಿತು, ಉತ್ತರಾಧಿಕಾರಕ್ಕೆ ಯುದ್ಧ ಹತ್ತಿತು, 1630ರಲ್ಲಿ ಚಕ್ರವರ್ತಿಯ ಸೈನ್ಯ ನೀವು ನಡೆದಾಡಿದ ಆ ಊರನ್ನೇ ಸೂರೆ ಮಾಡಿತು.

ಹಾಗಾಗಿ ನಿಮ್ಮ ಮಗಳಿಗೆ ಹೇಳಿ: ಗಂಡಿನ ಪರೀಕ್ಷೆಯೂ ಒಬ್ಬ ಹೆಣ್ಣಿನ ಮೈಮೇಲೆಯೇ ನಡೆಯಿತು. ವಿಂಚೆಂಜೊನಿಗೆ ಕಾಡಿದ್ದು ಅವಮಾನ. ಅದನ್ನು ನಾನು ಚಿಕ್ಕದು ಎನ್ನುವುದಿಲ್ಲ, ಅವನೂ ಇಪ್ಪತ್ತೊಂದರ ಹುಡುಗ. ಆದರೆ ಮೈ ಕೊಟ್ಟವಳು ಆ ಕರಾರಿನಲ್ಲಿ ಯಾವ ಕಡೆಗೂ ಸೇರದವಳು.

ಒಂದು ಸಲ ಒಬ್ಬ ತಾಯಿ ತನ್ನ ಹನ್ನೆರಡರ ಮಗಳನ್ನು ಕರೆತಂದಿದ್ದರು. ಎಕ್ಸ್‌ರೇ ಹಿಡಿದು ನಾನು ಬೆನ್ನು ಬಾಗಿದ ಕೋನ ಅಳೆಯುತ್ತಿರುವಾಗಲೇ, "ಮೇಡಂ, ಸೀರೆ ಉಟ್ಟರೆ ಕಾಣುವುದಿಲ್ಲ ತಾನೇ?" ಎಂದರು. ಹುಡುಗಿ ಅಲ್ಲೇ ಕುಳಿತಿದ್ದಳು. ನಾನು ಎಕ್ಸ್‌ರೇ ಕೆಳಗಿಟ್ಟು ಅವಳ ಕಡೆ ತಿರುಗಿ, ಶಾಲೆಯಲ್ಲಿ ಯಾವ ಆಟ ಆಡುತ್ತೀ ಎಂದು ಕೇಳಿದೆ. ಥ್ರೋಬಾಲ್ ಎಂದಳು. ಬಲಗೈಯಲ್ಲಿ ಎಸೆಯುವಾಗ ಬೆನ್ನು ನೋಯುತ್ತದೆಯೇ, ಬೆಲ್ಟ್ ಹಾಕಿಕೊಂಡು ಆಡಬಹುದೇ ಎಂದು ಅರ್ಧ ಗಂಟೆ ಮಾತಾಡಿದೆವು.

---

ಹೇಮಾವತಿ_ದಡ ಬರೆದದ್ದು:

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕೊನೆಯದಾಗಿ ಒಂದು: ಆ ಸೇಬು ಹಿಡಿದ ಪಾವೊಲಾ ಏನಾದಳು? ಮೊಬೈಲಿನಲ್ಲಿ ತೆಗೆದ ಅವಳ ಚಿತ್ರವನ್ನೇ ಮತ್ತೆ ಮತ್ತೆ ನೋಡುತ್ತಿದ್ದೇನೆ.

---

ನೇರ_ಬೆನ್ನು ಉತ್ತರಿಸಿದ್ದು:

ಪಾವೊಲಾಳಿಗೂ ಬೆನ್ನು ಬಾಗಿತ್ತು. ಆದರೂ ಮದುವೆಯಾಯಿತು, 1478ರಲ್ಲಿ, ಗೊರಿಜಿಯಾದ ಕೌಂಟ್ ಲಿಯೊನ್‌ಹಾರ್ಡ್ ಜೊತೆ. ಅವನು ವಯಸ್ಸಿನಲ್ಲಿ ಬಹಳ ದೊಡ್ಡವನು, ಮನೆತನ ಇಳಿಮುಖವಾಗಿತ್ತು, ಮಾಂಟೋವಾದ ವರದಕ್ಷಿಣೆ ಅವನಿಗೆ ಬೇಕಿತ್ತು. ಅವಳಿಗೆ ಮಕ್ಕಳು ಉಳಿಯಲಿಲ್ಲ. 1500ರಲ್ಲಿ ಲಿಯೊನ್‌ಹಾರ್ಡ್ ಸತ್ತಾಗ ಆ ವಂಶವೂ ಮುಗಿಯಿತು.

ಅವಳು ತವರಿನಿಂದ ಒಯ್ದ ಮದುವೆ ಪೆಟ್ಟಿಗೆಗಳಲ್ಲಿ ಎರಡು ಈಗ ಆಸ್ಟ್ರಿಯಾದ ಗ್ರಾಜ್ ಊರಿನ ಕೆಥೆಡ್ರಲ್‌ನಲ್ಲಿವೆ. ಮೇಲೆ ದಂತದ ಕೆತ್ತನೆ, ವಿಜಯೋತ್ಸವದ ರಥಗಳ ಮೆರವಣಿಗೆ. ಬಟ್ಟೆಬರೆ ಇಡಲು ಮಾಡಿಸಿದ ಆ ಪೆಟ್ಟಿಗೆಗಳನ್ನು ಮುಂದೆ ಚರ್ಚಿನವರು ಬೇರೆಯದಕ್ಕೆ ಬಳಸಿಕೊಂಡರು. ಈಗ ಅವುಗಳೊಳಗೆ ಇರುವುದು ಸಂತರ ಮೂಳೆಗಳು. ಮುಂದಿನ ಸಲ ಮಗಳ ಬಳಿಗೆ ಹೋದಾಗ ಸಾಧ್ಯವಾದರೆ ನೋಡಿ ಬನ್ನಿ, ಫೋಟೊ ತೆಗೆದರೆ ಇಲ್ಲಿ ಹಾಕಿ.